ಕೂಸಿನ ತಲಿ ಒತ್ತೂದು ಸಾಕು, ಮ್ಯಾಲಿಂದ ಒಮ್ಮೆ ನೋಡ್ರಿ

ವೈನಿಯವರ, ಮಾವಶಿಯವರ, ಈ ಸಲ ಸ್ವಲ್ಪ ಸಿಟ್ಟಿಲೇ ಬರ್ಯಾಕತ್ತೀನಿ. ಕೂಸಿನ ತಲಿ ಸೊಟ್ಟ ಕಂಡ್ರ ಬಾಣಂತನದ ಮನ್ಯಾಗ ಮೂರ ಮಾತು ಕೇಳ್ತಾವ. ‘ಎಣ್ಣಿ ಹಚ್ಚಿ ಒತ್ತಿದ್ರ ದುಂಡಗ ಆಗ್ತದ.’ ‘ಸಾಸಿವಿ ದಿಂಬು ಇಡ್ರಿ.’ ‘ಹೆಣ್ಣುಕೂಸು ಅಲ್ಲೇನು, ಕೂದ್ಲಾಗ ಮುಚ್ಚತದ ಬಿಡು.’ ಈ ಮೂರೂ ಮಾತು ಬಿಡಬೇಕು ಅಂತ ನನ್ನ ವಾದ.

ಕೂಸಿನ ಬುರುಡಿ ಒಂದ ಅಖಂಡ ಎಲುಬಲ್ಲ. ಹಲವು ಎಲುಬಿನ ಹಲಗಿ, ನಡುವ ಹೊಲಿಗಿಯಂಥಾ ಸಂದು. ಮಿದುಳು ಬೆಳದಂಗ ಆ ಸಂದು ಜಾಗಾ ಕೊಡ್ತಾವ. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇರೂ ಸುತ್ತಳತಿ ವರ್ಷ ತುಂಬೂದ್ರಾಗ ಸುಮಾರು 46 ಆಗ್ತದ. ಹೆರಿಗ್ಯಾಗ ಉದ್ದಾದ ತಲಿ ಕೆಲವು ದಿನದಾಗ ತಾನ ದುಂಡಗ ಆಗ್ತದ. ಹೆಸರು ಮಾತ್ರ ಎರಿಯೋಕಿಗೆ! ಎಣ್ಣಿ ಹಚ್ಚೂದಕ್ಕ ನನ್ನ ತಕರಾರಿಲ್ಲ, ಒತ್ತೂದಕ್ಕ ಅದ.

ಹೆಚ್ಚಿನ ಸೊಟ್ಟ ತಲಿ ಮಲಗೂದರಿಂದನ ಆಗೂವು. ಹಿಂದ ಒಂದ ಕಡೆ ಚಪ್ಪಟಿ, ಅದ ಕಡೆ ಕಿವಿ ತುಸು ಮುಂದ. ಇದಕ್ಕ ಆಪರೇಶನ್ ಬ್ಯಾಡ. ಕೂಸು ಎಚ್ಚರಿದ್ದಾಗ ಎದುರಿಗೆ ಕೂತು ಬೋರಲು ಹಾಕ್ರಿ, ಮಲಗಿಸೂ ದಿಕ್ಕು ಬದಲಿ ಮಾಡ್ರಿ, ಕುತ್ತಿಗಿ ಒಂದ ಕಡೆನ ಹೊರಳತಿದ್ರ ತೋರಿಸ್ರಿ. ನಿದ್ದಿಗೆ ಮಾತ್ರ ಅಂಗಾತನ ಮಲಗಿಸಬೇಕು. ವರ್ಷದೊಳಗ ದಿಂಬು ಬ್ಯಾಡ, ಉಸುರಿಗೆ ಅಪಾಯ ಅಂತಾರ ಮಕ್ಕಳ ಡಾಕ್ಟರು. ಸಾಸಿವಿದೂ ದಿಂಬನ ಅಲ್ಲೇನ್ರಿ?

ಆದ್ರ ಸುಮಾರು 2000–2500 ಕೂಸಿನಾಗ ಒಂದಕ್ಕ ಸಂದು ಹೊತ್ತಿಗಿಂತ ಮದಲ ಕೂಡಿಬಿಟ್ಟಿರ್ತದ. ನಟ್ಟನಡು ಸಂದು ಕೂಡಿದ್ರ ತಲಿ ದೋಣಿಯಂಗ ಉದ್ದ, ಇಕ್ಕಟ್ಟು. ಹಣಿ ಸಂದು ಕೂಡಿದ್ರ ಹಣಿ ಮುಕ್ಕೋನಿ, ನಡುವ ಏಣು. ಒಂದ ಮಗ್ಗಲದ್ದು ಕೂಡಿದ್ರ ಅತ್ತ ಹಣಿ ಚಪ್ಪಟಿ, ಕಣ್ಣು ಮ್ಯಾಲೆ ಎಳದಂಗ. ಕೂಡಿದ ಎಲುಬು ಯಾವ ಎಣ್ಣಿಗೂ ಬಿಡಂಗಿಲ್ಲ. ಕೆಲವು ಕೂಸಿಗೆ ಒಳಗ ಮಿದುಳಿನ ಮ್ಯಾಲೆ ಒತ್ತಡ ಬೀಳ್ತದ. ಅದನ್ನ ಕೂದ್ಲು ಮುಚ್ಚತದೇನು?

ಇಲ್ಲೆ ಹೊತ್ತಿನ ಲೆಕ್ಕ ಅದ. ಸಣ್ಣ ಗಾಯದಾಗ ದುರ್ಬೀನು ಹಾಕಿ ಮಾಡೂ ಆಪರೇಶನ್ ಎಲುಬು ತೆಳ್ಳಗಿದ್ದಾಗ, ಮದಲಿನ ಕೆಲವು ತಿಂಗಳದಾಗ ಛಲೋ. ದೊಡ್ಡದೂ ಸಾಮಾನ್ಯವಾಗಿ ವರ್ಷದ ಆಜೂಬಾಜೂನ ಮಾಡ್ತಾರ. ‘ಜಾವಳ ಆಗ್ಲಿ, ಆಮ್ಯಾಲೆ ನೋಡೂಣು’ ಅಂದ್ರ ಆ ಹೊತ್ತನ್ನ ನಾವ ಕೈಯಾರೆ ಕಳದಂಗ.

ತೋರಿಸಿದ್ರ ಕೊಯ್ದ ಬಿಡ್ತಾರ ಅಂತ ಹೆದರಬ್ಯಾಡ್ರಿ. ತಿಳದ ಡಾಕ್ಟರು ಮ್ಯಾಲಿಂದ ನೋಡಿ, ಬೆರಳಿಲೆ ಸಂದು ಮುಟ್ಟಿ, ಟೇಪ್ ಹಿಡದ ಎಷ್ಟೋ ಹೇಳ್ತಾರ. ಎಲ್ಲಾ ಕೂಸಿಗೂ ಸ್ಕ್ಯಾನ್ ಬ್ಯಾಡ. ಹಂಗಂತ ತುಟ್ಟಿ ಹೆಲ್ಮೆಟ್ಟಿಗೂ ಓಡಬ್ಯಾಡ್ರಿ. 2014ರಾಗ ಹೊರಬಿದ್ದ ನೆದರ್‌ಲ್ಯಾಂಡ್ಸಿನ ಪರೀಕ್ಷಾದಾಗ 84 ಕೂಸು ಇದ್ವು. ಮಲಗಿ ಸೊಟ್ಟಾದ ತಲಿಗೆ ಹೆಲ್ಮೆಟ್ ಹಾಕಿದ್ದಕ್ಕೂ ಬಿಟ್ಟದ್ದಕ್ಕೂ ಎರಡ ವರ್ಷಕ್ಕ ಅಂಥಾ ಫರಕ ಕಾಣಲಿಲ್ಲ.

ಇನ್ನ ಒಂದ ಮಾತು. ಹಡದಾಕಿ ‘ತಲಿ ಯಾಕೋ ಬ್ಯಾರೆ ಕಾಣಸ್ತದ’ ಅಂದ್ರ, ‘ನಿನಗೇನ ತಿಳೀತದ?’ ಅನಬ್ಯಾಡ್ರಿ. ‘ನೀನ ಒಂದ ಮಗ್ಗಲಕ್ಕ ಮಲಗಿಸಿದಿ’ ಅಂತ ಅಕಿ ಮ್ಯಾಲೆ ಹಾಕಲೂ ಬ್ಯಾಡ್ರಿ. ಹಗಲೂ ರಾತ್ರಿ ಕೂಸಿನ ನೆತ್ತಿ ನೋಡಾಕಿ ಅಕಿನ. 6, 10, 14 ವಾರದ ಲಸಿಗೆ ಹೆಂಗೂ ಹೋಗ್ತೀರಿ. ಟೇಪ್ ಹಿಡಸ್ರಿ, ತಾಯಿ ಕಾರ್ಡಿನ್ಯಾಗ ಬರಸ್ರಿ, ‘ಸಂದು ನೋಡ್ರಿ’ ಅಂತ ಬಾಯಿಬಿಟ್ಟು ಕೇಳ್ರಿ. ಒಂದ ರೂಪಾಯಿ ಖರ್ಚಿಲ್ಲ.