ಅಣ್ಣನಿಗೂ ದಾಖಲೆಯಲ್ಲಿ ಜಾಗವಿದೆ

ನಮ್ಮ ವಂಶಾವಳಿಯಲ್ಲಿ ಅಮ್ಮನ ಮೊದಲ ಮಗು ನಾನೇ. ಆದರೆ ನನಗಿಂತ ಮುಂಚೆ, 1973ರಲ್ಲಿ, ಚೊಚ್ಚಲ ಹೆರಿಗೆಯಲ್ಲಿ ಹುಟ್ಟಿದ ಗಂಡು ಮಗು ಉಸಿರಾಡಲೇ ಇಲ್ಲ. ಹೆಸರಿಲ್ಲ, ತಿಥಿಯಿಲ್ಲ. ಸೋದರಮಾವ ತೋಟದ ಅಂಚಿನಲ್ಲಿ ಹೂತು ಬಂದರಂತೆ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಕಾನೂನು ಅವನನ್ನು ಮರೆತಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ನಿರ್ಜೀವ ಜನನವನ್ನೂ ಜನನದ ಲೆಕ್ಕಕ್ಕೇ ಸೇರಿಸುತ್ತದೆ. 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟಿದ ಮಗುವಿಗೆ ಪ್ರತ್ಯೇಕ ರಿಜಿಸ್ಟರ್ ಇದೆ. ಶುಲ್ಕ ಕಟ್ಟಿ ಹಳೆಯ ನಮೂದನ್ನು ಹುಡುಕಿಸಲು 17ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಈ ನೋಂದಣಿ 1927ರಿಂದಲೇ ಇದ್ದರೂ ಅದರ ಸೂಚಿ ಸಾರ್ವಜನಿಕರಿಗೆ ಸಿಗುವುದಿಲ್ಲ. ತಂದೆತಾಯಿ ತೀರಿಕೊಂಡಿದ್ದರೆ ಮಾತ್ರ ಒಡಹುಟ್ಟಿದವರು ಕೇಳಬಹುದು.

ನಾನು ಅರ್ಜಿ ಕೊಟ್ಟ ಕಚೇರಿಯಲ್ಲಿ ಗುಮಾಸ್ತರು, "ಬದುಕದೇ ಇದ್ದ ಮಗೂದು ಈಗ ಯಾಕಮ್ಮ?" ಎಂದರು. ಜನನದ ರಿಜಿಸ್ಟರ್ ತಿರುವಿ, ಇಲ್ಲವೆಂದು ಮುಚ್ಚಿದರು. ಇನ್ನೊಂದು ರಿಜಿಸ್ಟರ್ ಇದೆಯೆಂದು ನಾನೇ ಹೇಳಬೇಕಾಯಿತು. ಗೆದ್ದಲು ತಿಂದ ಪುಟದಲ್ಲಿ, ನೀಲಿ ಶಾಯಿಯಲ್ಲಿ, ಅಪ್ಪ ಅಮ್ಮನ ಹೆಸರು, ಲಿಂಗ: ಗಂಡು, ತಾಯಿಯ ವಯಸ್ಸು 19. ಹತ್ತೊಂಬತ್ತು! ಅಮ್ಮನ ಆ ವರ್ಷವನ್ನು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ.

ಮನೆಯಲ್ಲೇ ಆದ ಎಷ್ಟೋ ಹೆರಿಗೆಗಳು ಯಾವ ಪುಸ್ತಕಕ್ಕೂ ಏರಿಲ್ಲ. ಏರಿದ್ದಾದರೂ ಉಳಿಯಬೇಕು. ಹಳೆಯ ಜನನ ದಾಖಲೆಗಳನ್ನು ಗಣಕೀಕರಿಸುವಾಗ ಸರ್ಕಾರ ಈ ರಿಜಿಸ್ಟರುಗಳನ್ನು ಬದಿಗಿಡಬಾರದು. ನಿಮ್ಮ ಮನೆಯ ಹಿರಿಯ ಹೆಂಗಸರಿಂದ ವರ್ಷ, ಊರು, ಹೆರಿಗೆಯಾದ ಜಾಗ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಈ ಮೂರು ಗೊತ್ತಿಲ್ಲದೆ ಹುಡುಕುವುದು ಬಹಳ ಕಷ್ಟ.