ಪಲ್ಲಾವರದ ಕಲ್ಲು, ಕಬ್ಬಾಳದ ಕಲ್ಲು

ಜಗತ್ತಿನ ನಿಸರ್ಗದ ಅದ್ಭುತಗಳ ಪಟ್ಟಿ ನಮಗೆಲ್ಲ ಬಹುತೇಕ ಕಂಠಪಾಠವಾಗಿದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್, ಆಫ್ರಿಕದ ವಿಕ್ಟೋರಿಯಾ ಜಲಪಾತ, ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ. ಅಷ್ಟು ದೂರ ಹೋಗುವ ಭಾಗ್ಯ ನಮ್ಮಂತಹ ಸರ್ಕಾರಿ ನೌಕರರಿಗೆ ಒದಗದಿದ್ದರೂ, ಎಲ್‌ಟಿಸಿಯ ನಾಲ್ಕು ವರ್ಷಗಳ ಅವಧಿ ತೀರಿಹೋಗುವ ಮೊದಲು ಲಡಾಖನ್ನೋ ಅಂಡಮಾನನ್ನೋ ನೋಡಿ ಬರುತ್ತೇವೆ. ಆದರೆ ತಾಂಬರಂ ಕಡೆಯಿಂದ ನಗರಕ್ಕೆ ನಿತ್ಯ ಲೋಕಲ್ ರೈಲಿನಲ್ಲಿ ಬರುವ ಚೆನ್ನೈ ಕನ್ನಡಿಗರಾದ ನಾವು, ಪಲ್ಲಾವರ ದಾಟುವಾಗ ಕಾಣುವ ಬೋಳು ಗುಡ್ಡಗಳತ್ತ ತಲೆಯೆತ್ತಿ ನೋಡುವುದಿಲ್ಲ. ಜಗತ್ತಿನ ಭೂವಿಜ್ಞಾನಿಗಳೆಲ್ಲ ಹೆಸರು ಬಲ್ಲ ಕಲ್ಲು ಆ ಗುಡ್ಡಗಳದು.

ಈ ಅಲಕ್ಷ್ಯಕ್ಕೆ ನಮ್ಮ ಓದೂ ಒಂದಿಷ್ಟು ಕಾರಣವಿರಬೇಕು. ಎಡ್ಮಂಡ್ ಬರ್ಕ್ 1757ರಲ್ಲಿ ಭವ್ಯತೆಯನ್ನು ಕುರಿತು ಗ್ರಂಥ ಬರೆದು, ಭಯ ಹುಟ್ಟಿಸುವಷ್ಟು ದೊಡ್ಡದಾದುದು ಮನಸ್ಸನ್ನು ಹೇಗೆ ಸೆರೆಹಿಡಿಯುತ್ತದೆಂದು ವಿವರಿಸಿದ. ಇಂಗ್ಲಿಷ್ ಸಾಹಿತ್ಯವನ್ನು ಪಠ್ಯವಾಗಿ ಓದಿದ ನಾವು ಅಲ್ಲಿಂದ ಎತ್ತರ, ಆಳ, ಆರ್ಭಟಗಳನ್ನೇ ಅಳತೆಗೋಲಾಗಿ ಎತ್ತಿಕೊಂಡೆವು. ಆ ಅಳತೆಗೆ ಜೋಗದ 253 ಮೀಟರು ಸಲ್ಲುತ್ತದೆ, ಪಲ್ಲಾವರದ ಗುಡ್ಡ ಸಲ್ಲುವುದಿಲ್ಲ. ಒಂದು ವಸ್ತು ಹೇಗೆ ಉಂಟಾಯಿತೆಂಬ ಪ್ರಶ್ನೆಯನ್ನು ಮುಂದಿಟ್ಟರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಕಲ್ಕತ್ತದ ಸ್ಥಾಪಕನೆಂದು ಬಹುಕಾಲ ಹೆಸರಾಗಿದ್ದ ಜಾಬ್ ಚಾರ್ನಾಕ್ 1693ರಲ್ಲಿ ತೀರಿಕೊಂಡ. ಅಲ್ಲಿನ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿರುವ ಅವನ ಸಮಾಧಿಗೆ ಹೊದಿಸಿದ ಕಪ್ಪು ಚಪ್ಪಡಿ ಬಂಗಾಳದ್ದಲ್ಲ, ಮದರಾಸಿನ ಕಡೆಯದು. ಎರಡು ಶತಮಾನಗಳ ತರುವಾಯ, 1893ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಥಾಮಸ್ ಹಾಲೆಂಡ್ ಆ ಚಪ್ಪಡಿಯ ಶಿಲೆಯನ್ನು ಕುರಿತು ಪ್ರಬಂಧ ಬರೆದು, ಸತ್ತವನ ಹೆಸರನ್ನು ಕಲ್ಲಿಗಿಟ್ಟು ‘ಚಾರ್ನೊಕೈಟ್’ ಎಂದು ಕರೆದ. ಇಂದು ಅಂಟಾರ್ಕ್ಟಿಕದಲ್ಲಿ, ನಾರ್ವೆಯಲ್ಲಿ, ಶ್ರೀಲಂಕಾದಲ್ಲಿ ಇಂತಹ ಶಿಲೆ ಕಂಡರೂ ಅದೇ ಹೆಸರು. ಅದರ ಮಾದರಿ ನೆಲೆ ಪರಂಗಿಮಲೈ ಎಂದು ತಮಿಳರು ಕರೆಯುವ ಸೇಂಟ್ ಥಾಮಸ್ ಮೌಂಟ್ ಮತ್ತು ಪಲ್ಲಾವರ. ಮೌಂಟಿನ ಈ ಶಿಲೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ಉಂಟು. ಮೆಟ್ರೊ ಹತ್ತಲು ಅಲ್ಲಿ ಇಳಿಯುವ ಸಾವಿರಾರು ಜನರಲ್ಲಿ ಇದನ್ನು ಬಲ್ಲವರು ಎಷ್ಟು ಮಂದಿಯೋ!

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರ್ಯಾಂಡ್ ಕ್ಯಾನ್ಯನ್‌ನ ಒಂದೂವರೆ ಕಿಲೋಮೀಟರಿಗೂ ಮಿಕ್ಕ ಆಳದ ತಳದಲ್ಲಿರುವ ಅತಿ ಹಳೆಯ ಶಿಲೆಗೆ ಸುಮಾರು 184 ಕೋಟಿ ವರ್ಷ. ಅಲ್ಲಿಯವರು ಕಣಿವೆಯ ತಳಕ್ಕಿಳಿದು ನೋಡುವುದಕ್ಕಿಂತ ಹಳೆಯದು ನಮ್ಮಲ್ಲಿ ರೈಲಿನ ಕಿಟಕಿಗೇ ಕಾಣುತ್ತದೆ. ಅದು ಹುಟ್ಟಿದ ರೀತಿಯಂತೂ ಇನ್ನೂ ಸೋಜಿಗದ್ದು. ಭೂಮಿಯ ಒಡಲಲ್ಲಿ ಇಪ್ಪತ್ತು ಕಿಲೋಮೀಟರಿಗೂ ಆಳದಲ್ಲಿ, ಏಳುನೂರು ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಶಾಖದಲ್ಲಿ, ಖನಿಜಗಳೊಳಗೆ ಸೇರಿಕೊಂಡಿದ್ದ ನೀರು ಹೊರಬೀಳುತ್ತದೆ. ನೀರು ಬೇಡುವ ಅಭ್ರಕದಂತಹ ಖನಿಜಗಳು ಅಳಿದು, ನೀರಿನ ಹಂಗಿಲ್ಲದ ಪೈರಾಕ್ಸೀನ್ ಮೈದಳೆಯುತ್ತದೆ. ನಸುಬೂದು ಕಲ್ಲು ಹಸಿರುಗಪ್ಪಿಗೆ ತಿರುಗಿ, ಒಡೆದ ಮುಖದಲ್ಲಿ ಎಣ್ಣೆ ಸವರಿದಂತೆ ಮಿನುಗುತ್ತದೆ.

ಇದನ್ನೆಲ್ಲ ಕಣ್ಣಾರೆ ಕಂಡವರಾರು ಎಂದು ಕೇಳಬಹುದು. ಉತ್ತರಕ್ಕೆ ನಮ್ಮ ನಾಡಿಗೇ ಮರಳಬೇಕು. ಕನಕಪುರ ತಾಲ್ಲೂಕಿನ ಸಾತನೂರಿನ ಬಳಿಯ ಕಬ್ಬಾಳು, ಭಕ್ತರಿಗೆ ಕಬ್ಬಾಳಮ್ಮನ ಕ್ಷೇತ್ರ. ಚರಿತ್ರೆ ಓದಿದವರಿಗೆ ಹೈದರ್ ಮತ್ತು ಟಿಪ್ಪು ಸೆರೆಯಾಳುಗಳನ್ನು ಇಡುತ್ತಿದ್ದ ದುರ್ಗ. ಅಲ್ಲಿನ ಕ್ವಾರಿಯ ಬಂಡೆಯಲ್ಲಿ ಬೂದುಬಣ್ಣದ ಪಟ್ಟೆಪಟ್ಟೆಯ ನೈಸ್ ಶಿಲೆಯ ನಡುವೆ ಕಪ್ಪು ತೇಪೆಗಳು, ಎಳೆಗಳು ಹರಿದಿವೆ. ಪಟ್ಟೆಗಳು ಆ ಕಪ್ಪಿನೊಳಗೆ ಹೊಕ್ಕು ಮಸುಕಾಗಿ ಅಳಿಸಿಹೋಗುತ್ತವೆ. ನೈಸ್ ಚಾರ್ನೊಕೈಟ್ ಆಗುತ್ತಿದ್ದಾಗಲೇ ಕೆಲಸ ನಡುವೆ ನಿಂತುಹೋಗಿದೆ! ಬಿರುಕುಗಳ ಗುಂಟ ಮೇಲೇರಿದ ಇಂಗಾಲದ ಡೈಆಕ್ಸೈಡ್ ನೀರನ್ನು ಹೊರದಬ್ಬಿತೆಂಬುದು ಹಲವು ವಿಜ್ಞಾನಿಗಳ ವಿವರಣೆ. ಮೈಸೂರು ಸೀಮೆಯ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ರೂಪುಗೊಳ್ಳುತ್ತಿರುವ ಚಾರ್ನೊಕೈಟ್ ಎಂಬರ್ಥದ ಶೀರ್ಷಿಕೆ ಕೊಟ್ಟು ಇದನ್ನು ಲೋಕದ ಗಮನಕ್ಕೆ ತಂದರು. ತಮಿಳು ಹೆಸರಿನ ವಿದ್ವಾಂಸರು ಕನ್ನಡ ನೆಲದ ಕಲ್ಲನ್ನು ಹೀಗೆ ಓದಿಕೊಟ್ಟದ್ದು ಚೆನ್ನೈ ಕನ್ನಡಿಗರಾದ ನಮಗೆ ವಿಶೇಷ ಸಂತೋಷದ ವಿಷಯ.

ದಕ್ಷಿಣ ಕರ್ನಾಟಕದ ಭೂತೊಗಟೆ ಒಟ್ಟಾರೆ ಓರೆಯಾಗಿ ಎದ್ದು, ಮೇಲ್ಭಾಗ ಸವೆದುಹೋಗಿದೆ. ಹಾಗಾಗಿ ಬಳ್ಳಾರಿಯಿಂದ ಚಿತ್ರದುರ್ಗ, ಕಬ್ಬಾಳಗಳ ಮೂಲಕ ಬಿಳಿಗಿರಿರಂಗನ ಬೆಟ್ಟದತ್ತ ಹೊರಟವರು ಬಯಲಿನಲ್ಲಿ ನಡೆದಂತೆಯೇ ಇದ್ದು ಭೂಮಿಯ ಒಡಲಿಗೆ ಮಹಡಿ ಮಹಡಿಯಾಗಿ ಇಳಿಯುತ್ತಿರುತ್ತಾರೆ. ಕಬ್ಬಾಳದಲ್ಲಿ ಅರ್ಧಕ್ಕೆ ನಿಂತದ್ದು ಬಿಳಿಗಿರಿಯಲ್ಲಿ ಪೂರ್ತಿಯಾಗಿದೆ. ಪಲ್ಲಾವರದ್ದು ಬೇರೊಂದು ಭೂಖಂಡ, ಆದರೂ ಅದೇ ಆಳದ ನೆಲೆ. ನಮ್ಮ ಮಟ್ಟಿಗೆ ಇದರ ಮುಂದೆ ಯಾವ ಕಣಿವೆಯೂ ಸಣ್ಣದು.

ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ, ಹೆಚ್ಚುಕಡಿಮೆ ಒಂಬತ್ತು ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗಿ ಕುಗ್ಗಿ ಬಿರಿದು ಆದ ಕಂಬಗಳವು. ಬಸಾಲ್ಟ್ ಎಂದೇ ಪ್ರಸಿದ್ಧವಾದರೂ, ವಿಶ್ಲೇಷಣೆ ಮಾಡಿದವರು ಅದನ್ನು ಸಿಲಿಕ ಹೆಚ್ಚಿರುವ ರಯೋಲೈಟ್ ಜಾತಿಗೆ ಸೇರಿಸುತ್ತಾರೆ. ಜೈಂಟ್ಸ್ ಕಾಸ್‌ವೇ 1986ರಲ್ಲೇ ವಿಶ್ವಪರಂಪರೆಯ ಪಟ್ಟಿ ಸೇರಿತು. ನಮ್ಮದಕ್ಕೆ ವಾರಾಂತ್ಯದ ದೋಣಿಗಳು ಸಂದಿವೆ.

ಕಲ್ಲು ಉಳಿಯುವುದೇ ಎಂಬುದು ಇದಕ್ಕಿಂತ ಗಂಭೀರ ಪ್ರಶ್ನೆ. ಚಾರ್ನೊಕೈಟ್ ಗಟ್ಟಿಯಾದ್ದರಿಂದ ಜಲ್ಲಿಗೆ ಬೇಡಿಕೆ, ನಯಗೊಳಿಸಿದರೆ ಹೊಳೆಯುವುದರಿಂದ ಚಪ್ಪಡಿಗೆ ಬೇಡಿಕೆ. ಪಲ್ಲಾವರ, ತಿರುಶೂಲಂ ಸುತ್ತಿನ ಗುಡ್ಡಗಳನ್ನು ಕಡಿದು ಉಳಿದ ಹೊಂಡಗಳಲ್ಲಿ ಈಗ ನೀರು ನಿಂತಿದೆ. ಮಾಂಗಾಡು ಬಳಿಯ ಸಿಕ್ಕರಾಯಪುರಂ ಕ್ವಾರಿಗಳ ನೀರನ್ನೇ 2017 ಮತ್ತು 2019ರ ಬರಗಾಲದಲ್ಲಿ ಶುದ್ಧೀಕರಿಸಿ ನಗರಕ್ಕೆ ಕೊಟ್ಟರು. ಕ್ವಾರಿಯನ್ನು ಬರಿದೇ ಹಳಿಯುವುದೂ ನ್ಯಾಯವಲ್ಲ. ಕಬ್ಬಾಳದ ಬಂಡೆ ತನ್ನ ಒಳಮೈ ತೋರಿದ್ದು ಉಳಿಪೆಟ್ಟಿನಿಂದಲೇ. ಆದರೆ ತೋರಿಸಿದ ಉಳಿಯೇ ಅಳಿಸಲೂ ಬಲ್ಲದು. ಲಾಲ್‌ಬಾಗಿನ ಮುನ್ನೂರು ಕೋಟಿ ವರ್ಷದ ನೈಸ್ ಬಂಡೆ ಉಳಿದಿರುವುದಕ್ಕೆ ಅದು ತೋಟದೊಳಗಿರುವುದೂ, ನೆತ್ತಿಯ ಮೇಲೆ ಕೆಂಪೇಗೌಡನ ಗೋಪುರವಿರುವುದೂ ಕಾರಣವೆಂದು ನಮ್ಮ ಊಹೆ. ಇಂತಹ ತಾಣಗಳ ರಕ್ಷಣೆಗಾಗಿ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಮಸೂದೆಯ ಕರಡೊಂದನ್ನು ಪ್ರಕಟಿಸಿತು. ಕರಡುಗಳು ಕಡತದಲ್ಲಿ ಎಷ್ಟು ದೀರ್ಘಾಯುಷಿಗಳೆಂಬುದನ್ನು ನಮ್ಮಂಥ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು ಗಿಡಮರಗಳನ್ನು ಕನ್ನಡ ಗದ್ಯದ ಜೀವಂತ ಪಾತ್ರಗಳಾಗಿಸಿದರು. ಕಲ್ಲಿಗೆ ಅಂತಹ ಲಲಿತಪ್ರಬಂಧಕಾರ ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ನಮ್ಮ ಕೂಟದ ಮುಂದೆ ಒಂದು ಸಲಹೆ ಇಡುತ್ತೇವೆ. ಮಳೆ ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಎಲ್ಲರೂ ಮೌಂಟಿನ ಮೆಟ್ಟಿಲೇರೋಣ, ಭೂವಿಜ್ಞಾನ ಬಲ್ಲ ಮಿತ್ರರೊಬ್ಬರನ್ನು ಜೊತೆಗೆ ಕರೆದುಕೊಂಡು. ಬೇಸಗೆ ರಜೆಗೆ ಊರಿಗೆ ಹೋದಾಗ ಮಕ್ಕಳೊಡನೆ ಕಬ್ಬಾಳಮ್ಮನ ದರ್ಶನ ಮುಗಿಸಿ, ಕಪ್ಪು ತೇಪೆಯ ಬಂಡೆಯನ್ನೂ ವಿಚಾರಿಸಿಕೊಂಡು ನೋಡಿಬರೋಣ. ಇದಕ್ಕೆ ಎಲ್‌ಟಿಸಿ ಅರ್ಜಿಯೂ ಬೇಕಾಗಿಲ್ಲ.