ವಾಲಿದ ಮೀನಿನ ತೊಟ್ಟಿ

ಮಕ್ಕಳೇ, ದೀಪಾಂಜಲಿ ನಗರದ ನಮ್ಮ ಮನೆಯಲ್ಲಿ ಮೀನಿನ ತೊಟ್ಟಿ ಒಂದು ಕಡೆಗೆ ವಾಲಿತ್ತು. “ತಾತ, ಮೀನು ಬಿದ್ದುಹೋಗುತ್ತಾ?” ಎಂದಳು ಮೊಮ್ಮಗಳು. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರ. ತುಂಬಿದರೆ ನೀರೇ ಸುಮಾರು 56 ಕಿಲೋ!

ತಪ್ಪು ನನ್ನದೇ. ಸ್ಟ್ಯಾಂಡಿನ ಮುಂಭಾಗಕ್ಕೆ ಚೆಂದಾಗಿ ಬಣ್ಣ ಬಳಿದು, ಪ್ಲೈವುಡ್ ಕೊಯ್ದ ಅಂಚನ್ನೂ ಸ್ಕ್ರೂ ತೂತನ್ನೂ ಹಾಗೇ ಬಿಟ್ಟಿದ್ದೆ. ಮರವಾಗಿದ್ದಾಗ ನೀರು ಏರುತ್ತಿದ್ದ ಸಣ್ಣ ಕೊಳವೆಗಳ ಬಾಯಿ ತೆರೆದಿರುವುದು ಅಂಚಿನಲ್ಲೇ. ಚೆಲ್ಲಿದ ನೀರು ಕುಡಿದು ಹಲಗೆ ಉಬ್ಬಿತ್ತು.

ಟಿಂಬರ್ ಯಾರ್ಡ್ ಬಡಾವಣೆಯಿಂದ ಹೊಸ ಹಲಗೆ ತಂದೆ. ಈ ಸಲ ಅಂಚಿಗೇ ಮೊದಲು ವಾರ್ನಿಷ್, ಒಣಗಿಸಿ ಒಣಗಿಸಿ ಮೂರು ಸಲ. ಮುಚ್ಚಳದ ಒಳಮೈಗೂ ಅಷ್ಟೇ. ಆವಿ ಹನಿಗಟ್ಟುವುದು ಅಲ್ಲೇ. ಹಿಂದೆ ಗಾಳಿಗೆ ಎರಡು ತೂತು.

ಹಸಿ ವಾರ್ನಿಷ್ ಮೀನಿಗಾಗದು. ವಾಸನೆ ಪೂರ್ತಿ ಹೋಗುವವರೆಗೆ ಮೀನುಗಳು ಬಕೆಟ್ಟಿನಲ್ಲಿ, ಗಾಳಿ ಪಂಪಿನ ಜೊತೆ. ಮೊಮ್ಮಗಳು ಶಾಲೆಯಿಂದ ಬಂದವಳೇ ಮುಚ್ಚಳಕ್ಕೆ ಮೂಗಿಡುತ್ತಾಳೆ. “ಇನ್ನೂ ಇದೆ ತಾತ!”